ಕೆಳಸಾಲಿನ ಕೊನೆಯ ಕೇಜು

ನಾನು ಒಂದು ಕೇಜು. ಓದಿದವರು ಪಂಜರ ಎನ್ನುತ್ತಾರೆ. ಆ ಹೆಸರಿನಲ್ಲಿ ಗಿಣಿಯ ಗೌರವವಿದೆ, ನನ್ನೊಳಗೆ ಗಿಣಿ ಕಾಲಿಟ್ಟದ್ದೇ ಇಲ್ಲ. ನನ್ನಲ್ಲಿ ಇದ್ದವು ಮೊಟ್ಟೆ ಇಡುವ ಬಿಳಿ ಕೋಳಿಗಳು, ಒಂದು ಸಲಕ್ಕೆ ನಾಲ್ಕು. ಹದಿನಾಲ್ಕು ವರ್ಷದ ಬದುಕಿನಲ್ಲಿ ಬೇಕಾದಷ್ಟು ಕಂಡಿದ್ದೇನೆ, ಆದರೆ ಎಲ್ಲವನ್ನೂ ಹೆದರಿಕೊಂಡೇ ಕಂಡಿದ್ದೇನೆ. ಧೈರ್ಯವಂತರ ಕಥೆ ಬೇಕಾದವರು ಕತ್ತಿಯನ್ನೋ ನೇಗಿಲನ್ನೋ ಕೇಳಿಕೊಳ್ಳಲಿ.

ಹುಟ್ಟಿದ್ದು ತಮಿಳುನಾಡಿನ ನಾಮಕ್ಕಲ್ ಕಡೆಯ ಒಂದು ವರ್ಕ್‌ಶಾಪಿನಲ್ಲಿ. ಸುರುಳಿ ಸುತ್ತಿದ ತಂತಿಯಾಗಿ ಹಾಯಾಗಿ ಮಲಗಿದ್ದವನನ್ನು ಎಳೆದು, ನೆಟ್ಟಗೆ ಮಾಡಿ, ತುಂಡರಿಸಿ, ಕಿಡಿ ಹಾರಿಸಿ ಬೆಸೆದರು. ವೆಲ್ಡರ್ ನನ್ನ ತಳವನ್ನು ಮಟ್ಟವಾಗಿ ಬಿಡಲಿಲ್ಲ, ಮುಂದಕ್ಕೆ ಇಳಿಜಾರಾಗಿ ಬಗ್ಗಿಸಿದ. ಕೋಳಿ ಇಟ್ಟ ಮೊಟ್ಟೆ ಆ ಕ್ಷಣವೇ ಉರುಳಿ ಹೊರಗಿನ ಅಂಚಿಗೆ ಹೋಗಬೇಕು, ಕೋಳಿಯ ಕೊಕ್ಕಿಗೂ ಕಾಲಿಗೂ ಸಿಗಬಾರದು, ಅದಕ್ಕೆ ಆ ಏರ್ಪಾಡು. ಆಮೇಲೆ ಕುದಿಯುವ ಸತುವಿನಲ್ಲಿ ಮುಳುಗಿಸಿ ಎತ್ತಿದರು. ಅದೇ ನನ್ನ ಮೊದಲ ಹೆದರಿಕೆ. ಇನ್ನು ತುಕ್ಕು ಹಿಡಿಯುವುದಿಲ್ಲ ಎಂದು ಯಾರೋ ಅಂದರು. ಹೆದರಿಕೆ ಹಿಡಿಯುವುದಿಲ್ಲ ಎಂದು ಯಾರೂ ಹೇಳಲಿಲ್ಲ.

ಮೊದಲ ಮೂರು ವರ್ಷ ಒಂದು ದೊಡ್ಡ ಫಾರಂನಲ್ಲಿದ್ದೆ. ಮೂರು ಅಂತಸ್ತಿನ ಸಾಲುಗಳು, ನಾನು ಎಲ್ಲಕ್ಕಿಂತ ಕೆಳಗೆ. ಮೇಲಿನವರದ್ದೆಲ್ಲ ನನ್ನ ತಲೆಯ ಮೇಲೆ ಬೀಳುತ್ತಿತ್ತು, ಏನು ಬೀಳುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನಾನು ಮನುಷ್ಯರ ಮುಖ ನೋಡಲೇ ಇಲ್ಲ, ಕಂಡದ್ದೆಲ್ಲ ಗಮ್‌ಬೂಟುಗಳು. ಒಂದು ಮಧ್ಯಾಹ್ನ ಬಾಗಿಲು ಸಡಿಲವಾಗಿದ್ದ ಪಕ್ಕದ ಕೇಜಿನಿಂದ ಒಂದು ಕೋಳಿ ಕೆಳಗೆ ಬಿತ್ತು. ಅದು ಎರಡು ಹೆಜ್ಜೆ ಇಟ್ಟಿತೋ ಇಲ್ಲವೋ, ಚರಂಡಿಯ ಬಾಯಿಂದ ಮುಂಗುಸಿ ಬಂದು ಎಳೆದುಕೊಂಡು ಹೋಯಿತು. ನನ್ನೊಳಗಿನ ನಾಲ್ಕೂ ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು, ಆದರೆ ಬದುಕಿದ್ದವು. ಬಾಗಿಲು ಮುಚ್ಚಿದ್ದರೆ ಬದುಕು, ತೆರೆದರೆ ಸಾವು. ಅವತ್ತು ಕಲಿತ ಈ ಪಾಠವನ್ನು ನಾನು ಬಹಳ ಕಾಲ ಮರೆಯಲಿಲ್ಲ.

ಆ ಫಾರಂನವರು ಹೊಸ ನಮೂನೆಯ ಕೇಜು ತರಿಸಿದಾಗ ಹಳಬರಾದ ನಮ್ಮನ್ನು ಮಾರಿದರು. ಕೆ.ಆರ್. ನಗರದ ಆಚೆ, ಕಾಲುವೆ ಪಕ್ಕದ ಮುದ್ದೇಗೌಡನಕೊಪ್ಪಲಿನ ನಿಂಗರಾಜು ಎಂಬುವನು ತನ್ನ ಗೂಡ್ಸ್ ಆಟೊದಲ್ಲಿ ಮೂರು ಟ್ರಿಪ್ಪು ಹೊಡೆದು ನಮ್ಮನ್ನು ಸಾಗಿಸಿದ. ಮೊಟ್ಟೆಯನ್ನು ಮೈಸೂರಿಗೆ ಸಾಗಿಸುವುದು ಅವನ ಕೆಲಸ. ಕೋಳಿ ನೋಡಿಕೊಳ್ಳುವುದು ಅವನ ಹೆಂಡತಿ ಜಯಶೀಲಳ ಕೆಲಸ. ಆರುನೂರು ಕೋಳಿಯ ಸಣ್ಣ ಶೆಡ್ಡು. ಅಲ್ಲೂ ನನಗೆ ಸಿಕ್ಕಿದ್ದು ಕೆಳಸಾಲಿನ ಕೊನೆಯ ಜಾಗವೇ. ಹಣೆಬರಹ ತಂತಿಗೂ ಇರುತ್ತದೆ.

ಜಯಶೀಲ ನನಗೆ ಮೊದಲು ಪರಿಚಯವಾದದ್ದು ಪಾದಗಳಿಂದ. ನೀಲಿ ಹವಾಯಿ ಚಪ್ಪಲಿ, ಒಡೆದ ಹಿಮ್ಮಡಿ, ಫೀಡಿನ ಧೂಳು ಹತ್ತಿದ ಸೀರೆಯಂಚು. ಆ ಪಾದಗಳ ನಡಿಗೆಯಲ್ಲೇ ನನಗೆ ಗೊತ್ತಾಯಿತು, ಇವಳೂ ನನ್ನ ಜಾತಿಯವಳೇ, ಹೆದರುಪುಕ್ಕಲಿ. ಚಿಕ್ಕವಳಿದ್ದಾಗ ತಾಯಿಮನೆಯ ಹಿತ್ತಲಲ್ಲಿ ಹನ್ನೊಂದು ನಾಟಿಕೋಳಿಗಳನ್ನು ಒಂದೇ ಹಗಲು ನರಿ ಮುಗಿಸಿತ್ತಂತೆ. ಆ ದಿನ ಗೂಡಿನ ಬಾಯಿಗೆ ತಡಿಕೆ ಹಾಕುವುದನ್ನು ಮರೆತವಳು ಇವಳೇ. ಅಂದಿನಿಂದ ಅವಳಿಗೆ ಬಾಗಿಲಿನ ಭ್ರಾಂತು.

ಸಂಜೆ ಎಂಟಕ್ಕೆ ಸರಿಯಾಗಿ ಅವಳು ಬರುತ್ತಿದ್ದಳು. ಸಾಲಿನ ಒಂದೊಂದೇ ಬಾಗಿಲನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದಳು. ಟಕ್, ಟಕ್, ಟಕ್. ಕೊನೆಗೆ ನನ್ನದು. ನನ್ನ ಚಿಲಕ ಟಕ್ ಎಂದ ಕೂಡಲೇ ಅವಳ ಕೈ ಗೋಡೆಯ ಮೇನ್ ಸ್ವಿಚ್ಚಿಗೆ ಹೋಗುತ್ತಿತ್ತು. ಶೆಡ್ಡಿನ ಅಷ್ಟೂ ದೀಪ ಒಮ್ಮೆಗೇ ಆರುತ್ತಿತ್ತು. ಕೇಜಿನ ಕೋಳಿಗಳಿಗೆ ಅದರಿಂದ ಏನೂ ಬಾಧೆಯಿಲ್ಲ. ನಿಂತಲ್ಲೇ ಮುದುಡುತ್ತವೆ, ಅಷ್ಟೇ, ಹೋಗಲು ಜಾಗವೆಲ್ಲಿದೆ? ಹನ್ನೊಂದು ವರ್ಷ ಆ ಟಕ್ ಸದ್ದು ನನಗೆ ಜೋಗುಳವಾಗಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಇದರಿಂದಲೇ ಮುಂದಿನ ಅನಾಹುತ ನಡೆದದ್ದು.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ನನ್ನೊಳಗಿನ ಒಂದು ಕೋಳಿ ಎರಡು ದಿನದಿಂದ ಮೇವಿಗೆ ಬಂದಿರಲಿಲ್ಲ. ಮೊಟ್ಟೆ ಆರಿಸುವ ಚಿಕ್ಕತಾಯಮ್ಮ ಬಗ್ಗಿ ನೋಡಿದಳು. ಅರವತ್ತು ದಾಟಿದ ಹೆಂಗಸು, ಶೆಡ್ಡಿನಲ್ಲಿ ಬಗ್ಗುತ್ತಿದ್ದವಳು ಅವಳೊಬ್ಬಳೇ.

"ಜಯವ್ವಾ, ಬಾ ಇಲ್ಲಿ. ಇದ್ರ ಕಾಲು ತಂತೀಲಿ ಸಿಕ್ಕಾಕೊಂಡದೆ. ಉಗುರು ಬೆಳ್ದು ತಂತಿ ಸುತ್ಕಂಡದೆ ಕಣವ್ವ."

ಜಯಶೀಲ ನೆಲದ ಮೇಲೇ ಕುಳಿತಳು. ಹತ್ತು ವರ್ಷದಲ್ಲಿ ಮೊದಲ ಬಾರಿ ಅವಳ ಮುಖ ಕಂಡೆ. ಎಳೆದರೆ ಕೋಳಿ ಕಿರುಚುತ್ತಿತ್ತು. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಕೊನೆಗೆ ಅವಳು ಕಟಿಂಗ್ ಪ್ಲೇಯರ್ ತಂದು ನನ್ನ ತಳದ ಎರಡು ತಂತಿಯನ್ನೇ ಕತ್ತರಿಸಿ ಕೋಳಿಯನ್ನು ಬಿಡಿಸಿದಳು. ನನ್ನನ್ನು ಕತ್ತರಿಸಿದ್ದು ಅದೇ ಮೊದಲು. ನೋವಿಗಿಂತ ಹೆಚ್ಚಾಗಿ ಗಾಬರಿಯಾಯಿತು, ಹಿಡಿದಿದ್ದದ್ದು ನಾನೇ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಆ ತೂತಿಗೆ ಅವಳು ಹಸಿರು ಬೈಂಡಿಂಗ್ ತಂತಿ ಸುತ್ತಿ ಗಂಟು ಹಾಕಿದಳು. ಕೋಳಿ ಬದುಕಿತು, ಒಂದು ಬೆರಳು ಹೋಯಿತು. ಆರುನೂರರಲ್ಲಿ ಹೆಸರು ಸಿಕ್ಕಿದ ಒಂದೇ ಕೋಳಿ ಅದು. ಚಿಕ್ಕತಾಯಮ್ಮ ಅದನ್ನು ಕುಂಟಿ ಎಂದು ಕರೆದಳು.

ಅವತ್ತು ಜಯಶೀಲ ಗಂಡನನ್ನು ಕೇಳಿದಳು, "ಆ ಟ್ರಸ್ಟಿನೋರ್ ಕೊಟ್ಟ ಅರ್ಜಿ ಎಲ್ಲಿಟ್ರಿ?"

"ಕೋಳೀಗ್ ಅರಮನೆ ಕಟ್ಸೋ ಅರ್ಜಿನಾ?" ನಿಂಗರಾಜು ನಕ್ಕ. "ನಮ್ ಮನೆ ಸೋರ್ತಾ ಅದೆ, ಅದ್ಕೂ ಅನುದಾನ ಕೊಟ್ಟಾರಾ ಕೇಳು."

ನಕ್ಕರೂ ಹುಡುಕಿಕೊಟ್ಟ. ಕೆಟ್ಟವನಲ್ಲ, ಬಾಯಿ ಸ್ವಲ್ಪ ಮುಂದು.

ಅರ್ಜಿ ಹೋದ ಎರಡು ತಿಂಗಳಿಗೆ ಬಂದವಳು ಪಶುವೈದ್ಯೆ ಆಯಿಷಾ. ಕೇಜು ಬಿಟ್ಟು ಕೋಳಿಯನ್ನು ನೆಲದ ಮೇಲೆ ಸಾಕುವವರಿಗೆ ಆ ಟ್ರಸ್ಟು ಹಣ ಕೊಡುತ್ತದೆ, ಯಾರಿಗೆ ಕೊಡಬಹುದೆಂದು ನೋಡಿ ಬರೆಯುವುದು ಇವಳ ಕೆಲಸ. ಫೀಡಿನ ಬಕೆಟ್ಟು ಬೋರಲು ಹಾಕಿ ನನ್ನೆದುರು ಕುಳಿತಳು. ಟೇಪು ತೆಗೆದು ನನ್ನ ಉದ್ದ, ಅಗಲ ಅಳೆದಳು. ಅಳತೆ ತೆಗೆಯುವುದು ಎರಡೇ ಸಂದರ್ಭಕ್ಕೆ, ಬಟ್ಟೆ ಹೊಲಿಯಲು ಇಲ್ಲವೇ ಹೂಳಲು. ನನಗೆ ಯಾರು ಬಟ್ಟೆ ಹೊಲಿಯುತ್ತಾರೆ? ತಂತಿ ತಂತಿಯೂ ತಣ್ಣಗಾಯಿತು.

"ನೋಡಿ ಜಯಶೀಲಮ್ಮ, ಇದು ಸಾಲ ಅಲ್ಲ, ಅನುದಾನ. ಅರ್ಧ ಈಗ ಬರುತ್ತೆ, ಹೊಸ ಶೆಡ್ ಕಟ್ಟೋಕೆ. ಇನ್ನರ್ಧ ಆಮೇಲೆ, ಸುತ್ತ ಬೇಲಿ ಹಾಕಿ ಹಗಲು ಕೋಳಿ ಹೊರಗೆ ಬಿಡೋಕೆ. ನಡುವೆ ಎರಡು ಷರತ್ತು. ಫಾರಂನಲ್ಲಿ ಒಂದು ಕೇಜೂ ಉಳೀಬಾರದು. ಸತ್ತ ಕೋಳಿ ಎಷ್ಟು, ಯಾಕೆ ಸತ್ತಿತು ಅಂತ ನಿಜ ಬರೆದು ತಿಂಗಳಿಗೊಂದ್ಸಲ ಫೋಟೊ ಕಳಿಸಬೇಕು. ತಪ್ಪಿದ್ರೆ ಕೊಟ್ಟಿದ್ದನ್ನೂ ವಾಪಸ್ ಕೇಳ್ತಾರೆ, ನನ್ನ ಕೈಯಲ್ಲಿ ಏನೂ ಇರಲ್ಲ."

"ನರಿ ಬಂದ್ರೆ?" ಎಂದಳು ಜಯಶೀಲ.

"ಬಲೆ ಹಾಕ್ತೀವಿ."

"ಮುಂಗ್ಸಿ?"

"ಸುತ್ತ ಪಾಯ ಎತ್ತರಿಸ್ತೀವಿ."

"ಸುಮ್ಸುಮ್ನೆ ಎದ್ರುಕೊಂಡ್ರೆ?"

ಆಯಿಷಾ ಟೇಪನ್ನು ಸುತ್ತಿ ಚೀಲಕ್ಕೆ ಹಾಕಿದಳು. "ಅದಕ್ಕೆ ನೀವೇ ಇರ್ಬೇಕು," ಎಂದಳು. ಜಯಶೀಲ ಆ ಮಾತಿಗೆ ಇನ್ನಷ್ಟು ಹೆದರಿದಳೆಂದು ಅವಳ ಹೆಬ್ಬೆರಳು ನೆಲ ಕೆರೆದ ರೀತಿಯಲ್ಲೇ ನನಗೆ ತಿಳಿಯಿತು. ಆದರೂ ಸಹಿ ಹಾಕಿದಳು. ಹೊಸ ಶೆಡ್ಡಿಗೆ ಹೊಸ ಮರಿಗಳನ್ನೇ ತನ್ನಿ, ಕೇಜಿನಲ್ಲಿ ಬೆಳೆದವು ನೆಲಕ್ಕೆ ಹೊಂದಲು ಕಷ್ಟಪಡುತ್ತವೆ ಎಂದು ಆಯಿಷಾ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಕುಂಟಿಯನ್ನು ಮಾಂಸದಂಗಡಿಗೆ ಕಳಿಸುವ ಮನಸ್ಸು ಅವಳಿಗಿರಲಿಲ್ಲ.

ದಸರೆಯ ಹೊತ್ತಿಗೆ ಹೊಸ ಶೆಡ್ಡು ಎದ್ದಿತು. ನೆಲಕ್ಕೆ ಭತ್ತದ ಹೊಟ್ಟು, ಸುತ್ತ ಬಲೆ, ಕೋಳಿ ಏರಿ ಕೂರಲು ಬಿದಿರಿನ ಗಳ, ಮೊಟ್ಟೆ ಇಡಲು ಮರದ ಗೂಡು. ಒಂದು ಬೆಳಿಗ್ಗೆ ಕೋಳಿಗಳನ್ನೆಲ್ಲ ಅಲ್ಲಿಗೆ ಸಾಗಿಸಿದರು. ಮಧ್ಯಾಹ್ನ ಗುಜರಿ ಲಾರಿ ಬಂತು. ಹನ್ನೊಂದು ವರ್ಷ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವರನ್ನು ಕಾಲಲ್ಲಿ ತುಳಿದು ಚಪ್ಪಟೆ ಮಾಡಿ ಲಾರಿಗೆ ಎಸೆದರು. ಆ ಸದ್ದು ಈಗಲೂ ನನ್ನ ಮೈಯಲ್ಲಿದೆ. ನನ್ನ ಸರದಿಗೆ ಇನ್ನು ನಾಲ್ಕೇ ಕೇಜು ಉಳಿದಿದ್ದವು.

ಆಗ ಎರಡು ಕೈಗಳು ನನ್ನನ್ನು ಸಾಲಿನಿಂದ ಕಳಚಿ ಎತ್ತಿದವು. ಜಯಶೀಲ ನನ್ನನ್ನು ಸೊಂಟಕ್ಕೆ ಅವಚಿಕೊಂಡು, ಫೀಡು ಗೋಡೌನಿನ ಹಿಂದಿನ ಸಂದಿಗೆ ಒಯ್ದು, ಮೇಲೆ ಗೋಣಿಚೀಲ ಹೊದಿಸಿದಳು. ಚಿಕ್ಕತಾಯಮ್ಮ ನೋಡಿಬಿಟ್ಟಳು.

"ಒಂದೂ ಇರ್ಬಾರ್ದು ಅಂದಿದ್ರಲ್ಲವ್ವ ಆ ಡಾಕ್ಟ್ರಮ್ಮ?"

"ಒಂದಿರ್ಲಿ ಬುಡಕ್ಕ. ಯಾವ್ದಕ್ಕೂ ಒಂದಿರ್ಲಿ."

ಯಾವುದಕ್ಕೆ ಎಂದು ಅವಳಿಗೇ ಗೊತ್ತಿರಲಿಲ್ಲ. ನನಗೆ ಮಾತ್ರ ಅರ್ಥವಾಯಿತು. ಹೆದರುವವರು ಎಲ್ಲವನ್ನೂ ಒಮ್ಮೆಗೇ ಬಿಟ್ಟುಕೊಡುವುದಿಲ್ಲ, ಎಲ್ಲೋ ಒಂದು ಮುಚ್ಚಿದ ಬಾಗಿಲನ್ನು ಉಳಿಸಿಕೊಳ್ಳುತ್ತಾರೆ.

ನನ್ನ ಸಂದಿಗೂ ಹೊಸ ಶೆಡ್ಡಿಗೂ ನಡುವೆ ಇದ್ದದ್ದು ಬಲೆಯೊಂದೇ. ಗೋಣಿಯ ತೂತಿನಿಂದ ನನಗೆ ಒಳಗಿನದೆಲ್ಲ ಕಾಣುತ್ತಿತ್ತು. ಕೋಳಿಗಳು ಇಳಿಸಿದ ಜಾಗದಲ್ಲೇ ಕಾಲು ನಡುಗಿಸುತ್ತಾ ನಿಂತಿದ್ದವು. ಹೊಟ್ಟಿನ ಮೇಲೆ ಹೆಜ್ಜೆ ಹೇಗೆ ಇಡುವುದೆಂದು ಅವಕ್ಕೆ ಗೊತ್ತಿಲ್ಲ. ರೆಕ್ಕೆ ಬಿಚ್ಚಿದರೆ ತಮ್ಮ ರೆಕ್ಕೆಗೆ ತಾವೇ ಬೆಚ್ಚುತ್ತಿದ್ದವು. ಗಳದ ಕಡೆ ಒಂದೂ ತಲೆ ಎತ್ತಲಿಲ್ಲ. ನೋಡಿದಿರಾ, ನಾನೇ ಮೇಲಲ್ಲವೇ ಎಂದು ನನ್ನೊಳಗೇ ಅಂದುಕೊಂಡೆ. ಕತ್ತಲ ಸಂದಿಯಲ್ಲಿ ಗೋಣಿ ಹೊದ್ದು ಕೂತವನಿಗೂ ಜಂಬ ಎಂಬುದು ಇರುತ್ತದೆ.

ಹೊಸ ಶೆಡ್ಡಿನಲ್ಲಿ ಐದು ಬಲ್ಬು, ಐದು ಸ್ವಿಚ್ಚು, ಬಾಗಿಲ ಹೊರಗೆ ಒಂದು ಮೇನ್ ಸ್ವಿಚ್ಚು. ಸಂಜೆ ಒಂದೊಂದಾಗಿ ಆರಿಸಬೇಕು, ಗಳದ ಮೇಲಿನದನ್ನು ಕೊನೆಗೆ, ಕೋಳಿಗಳು ಆ ಬೆಳಕಿಗೆ ಹೋಗಿ ಏರಿ ಕೂತ ಮೇಲೆಯೇ ಅದನ್ನು ಆರಿಸಬೇಕು ಎಂದು ಆಯಿಷಾ ಪಾಠ ಮಾಡಿದ್ದಳು. ಎರಡು ಸಂಜೆ ಜಯಶೀಲ ಹಾಗೆಯೇ ಮಾಡಿದಳು, ಕೋಳಿಗಳು ಏರದಿದ್ದರೂ ಆ ಬೆಳಕಿನಡಿ ಗುಂಪಾಗಿ ಕೂತವು. ಮೂರನೆಯ ಸಂಜೆ ದಣಿದಿದ್ದಳು, ಬೆಳಗಿನಿಂದ ಹೊಟ್ಟಿನಲ್ಲಿ ಅಲ್ಲಲ್ಲಿ ಇಟ್ಟ ಮೊಟ್ಟೆ ಹುಡುಕಿ ಬೆನ್ನು ಬಿದ್ದುಹೋಗಿತ್ತು. ಎಂಟಕ್ಕೆ ಹೊರಬಂದು ಬಲೆಯ ಬಾಗಿಲನ್ನು ಎಳೆದಳು. ಚಿಲಕ ಟಕ್ ಎಂದಿತು. ಆ ಸದ್ದು ಕೇಳಿದ ಕೂಡಲೇ ಹನ್ನೊಂದು ವರ್ಷದ ಕೈ ತನ್ನಷ್ಟಕ್ಕೆ ತಾನೇ ಮೇಲೇರಿ ಮೇನ್ ಸ್ವಿಚ್ಚನ್ನು ಒತ್ತಿಬಿಟ್ಟಿತು.

ಐದೂ ಬಲ್ಬು ಒಮ್ಮೆಗೇ ಆರಿದವು.

ಆಮೇಲಿನದನ್ನು ಹೇಳಲು ನನಗೆ ಈಗಲೂ ಇಷ್ಟವಿಲ್ಲ. ಕೇಜಿಲ್ಲದ ಬಯಲು ನೆಲದಲ್ಲಿ ಒಮ್ಮೆಗೇ ಕತ್ತಲಾದರೆ ಕೋಳಿ ಇನ್ನೊಂದು ಕೋಳಿಯ ಮೈಯನ್ನು ಹುಡುಕುತ್ತದೆ. ಆರುನೂರೂ ಹುಡುಕಿದವು. ರೆಕ್ಕೆಯ ದೊಡ್ಡ ಬಿರುಗಾಳಿಯೊಂದು ಶೆಡ್ಡನ್ನು ಸುತ್ತಿ ಒಂದೇ ಮೂಲೆಗೆ ನುಗ್ಗಿತು. ಅದು ನನ್ನ ಮೂಲೆ. ಬಲೆ ಉಬ್ಬಿ ಗೋಣಿಗೆ ತಾಗಿತು. ಒಂದರ ಮೇಲೊಂದು, ಅದರ ಮೇಲೆ ಮತ್ತೊಂದು. ಕೆಳಗಿನವುಗಳ ಉಸಿರು ನನಗೆ ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ. ಅವು ನನ್ನನ್ನು ಹುಡುಕಿಕೊಂಡು ಬಂದವೇ, ಸುಮ್ಮನೆ ಆ ಕಡೆ ನುಗ್ಗಿದವೇ, ಹೇಳಲಾರೆ. ನನ್ನ ಬಳಿಗೇ ಬಂದವು ಎಂದು ಒಂದು ಗಳಿಗೆ ನನಗೆ ಹೆಮ್ಮೆಯಾದದ್ದು ಮಾತ್ರ ನಿಜ. ಅದಕ್ಕಿಂತ ನಾಚಿಕೆಗೇಡಿನ ಗಳಿಗೆ ನನ್ನ ಜನ್ಮದಲ್ಲಿ ಇನ್ನೊಂದಿಲ್ಲ.

ಜಯಶೀಲ ದೀಪ ಹಾಕಿ ಓಡಿ ಬಂದು ರಾಶಿಯನ್ನು ಎರಡೂ ಕೈಯಿಂದ ಬಿಡಿಸಿದಳು. ಎಳೆದೆಳೆದು ಹಾಕಿದಳು. ನಲವತ್ತೊಂದು ಸತ್ತಿದ್ದವು. ತಳದಲ್ಲಿ, ಬಲೆಗೆ ಒತ್ತಿಕೊಂಡು, ಕುಂಟಿ ಇತ್ತು. ಬಾಯಿ ತೆರೆದುಕೊಂಡಿತ್ತು, ಉಸಿರಾಡುತ್ತಿತ್ತು. ಅವಳು ಅದನ್ನು ಎತ್ತಿಕೊಂಡು ನೇರ ನನ್ನ ಬಳಿಗೆ ಬಂದು, ಗೋಣಿ ಸರಿಸಿ, ನನ್ನೊಳಗಿಟ್ಟು ಬಾಗಿಲು ಹಾಕಿದಳು. ಆಮೇಲೆ ನನ್ನ ತಂತಿಗೆ ಹಣೆ ಒತ್ತಿ ಅತ್ತಳು.

"ತಡಿಕೆ ಮರ್ತೋಳು ನಾನೇ," ಎಂದಳು. ಮೂವತ್ತು ವರ್ಷದ ಹಿಂದಿನದು, ಇವತ್ತಿನದು, ಎರಡೂ ಅವಳಿಗೆ ಒಂದೇ ಆಗಿಹೋಗಿತ್ತು.

ಬೆಳಿಗ್ಗೆ ನಿಂಗರಾಜು ಗುಂಡಿ ತೋಡಿ ಸತ್ತವನ್ನು ಸುಣ್ಣ ಹಾಕಿ ಮುಚ್ಚಿದ. ಬೈಯಲಿಲ್ಲ. ಸತ್ತ ಕೋಳಿಯ ಲೆಕ್ಕ ಬರೆಯುವ ಪುಸ್ತಕ ತಂದು ಅವಳ ಮುಂದಿಟ್ಟ.

"ಕೊಕ್ಕರೆ ರೋಗ ಅಂತ ಬರಿ. ರೋಗ ಬಂದ್ರೆ ಯಾರೇನ್ ಮಾಡಕಾಯ್ತದೆ? ಸ್ವಿಚ್ಚು ಅಂತ ಬರುದ್ರೆ ಶೆಡ್ಡೂ ಹೋಯ್ತದೆ, ಕೋಳೀನೂ ಹೋಯ್ತವೆ. ಕೊಟ್ಟಿದ್ ವಾಪಸ್ ಕೇಳುದ್ರೆ ಎಲ್ಲಿಂದ ತರನ ಹೇಳು."

ಅವಳು ಬರೆದಳು.

ಅಲ್ಲಿಂದ ಮೂರು ವಾರ ನಾವು ಮೂವರೂ ಕಳ್ಳರು. ಅವಳು, ನಾನು, ಕುಂಟಿ. ದಾರಿಯಲ್ಲಿ ಬೈಕು ಸದ್ದು ಮಾಡಿದರೆ ಜಯಶೀಲ ಬಂದು ಗೋಣಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವಳಿಗೆ ಯಾರೂ ಏನೂ ಅನ್ನಬೇಕಾಗಿಯೇ ಇರಲಿಲ್ಲ. ನನಗೂ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ನನ್ನ ಹೆದರಿಕೆಗೆ ಇನ್ನೊಂದು ಕಾರಣವಿತ್ತು, ಕುಂಟಿ ಚೇತರಿಸಿಕೊಳ್ಳುತ್ತಿತ್ತು. ಚೇತರಿಸಿಕೊಂಡ ಕೋಳಿ ಮೊಟ್ಟೆ ಇಡುತ್ತದೆ. ಮೊಟ್ಟೆ ಇಟ್ಟ ಕೋಳಿ ಊರಿಗೆಲ್ಲ ಕೇಳುವಂತೆ ಕೂಗುತ್ತದೆ.

ಬಲೆಯ ಆಚೆ ಮಾತ್ರ ಬೇರೆಯದೇ ನಡೆಯುತ್ತಿತ್ತು. ಚಿಕ್ಕತಾಯಮ್ಮನಿಗೆ ಹಳೆಯದೊಂದು ಬುದ್ಧಿ ಹೊಳೆದಿತ್ತು.

"ನಮ್ಮಟ್ಟೀಲಿ ತಾಯಿಲ್ಲದ್ ಮರೀನ ನಮ್ಮವ್ವ ಸಂಜೆ ಕೈಲಿ ಎತ್ತಿ ಗಳದ್ ಮ್ಯಾಲೆ ಕೂರುಸ್ತಿದ್ಲು. ನಾಕ್ ದಿನ ಎತ್ತುದ್ರೆ ಐದ್ನೇ ದಿನ ಅದೇ ಹತ್ಕತದೆ. ಇವೂ ತಾಯಿಲ್ಲದವೇ ಅಲ್ವೇನವ್ವ."

ಸಂಜೆ ಮೊದಲ ಬಲ್ಬು ಆರಿಸಿ ಇಬ್ಬರೂ ಒಳಗೆ ಹೋಗುತ್ತಿದ್ದರು. ಒಂದೊಂದನ್ನೇ ಎರಡು ಕೈಯಲ್ಲಿ ಎತ್ತಿ ಗಳದ ಮೇಲಿಟ್ಟು, ಬೆರಳು ಗಳವನ್ನು ಹಿಡಿಯುವವರೆಗೆ ಬೆನ್ನು ಒತ್ತಿ ಹಿಡಿಯುತ್ತಿದ್ದರು. ಐನೂರ ಐವತ್ತೆಂಟು ಕೋಳಿ, ನಾಲ್ಕು ಕೈ. ಐದನೆಯ ದಿನಕ್ಕೆ ಹತ್ತಲಿಲ್ಲ. ಹದಿನೈದನೆಯ ದಿನಕ್ಕೆ ಅರ್ಧ ತಾವೇ ಹತ್ತಿದವು. ಇಪ್ಪತ್ತನೆಯ ದಿನ ನಾನು ಗೋಣಿಯ ತೂತಿನಿಂದ ನೋಡಿದೆ. ಬಲ್ಬು ಒಂದೊಂದಾಗಿ ಆರಿದಂತೆ ಅವು ಮಾತಾಡಿಕೊಳ್ಳುತ್ತಾ ಬೆಳಕಿನ ಕಡೆ ನಡೆದು, ಮೇಲೇರಿ, ಒಂದರ ಪಕ್ಕ ಒಂದು ಕೂತವು. ಯಾವ ಬಾಗಿಲೂ ಅವನ್ನು ಒತ್ತಿ ಹಿಡಿದಿರಲಿಲ್ಲ. ನನ್ನ ಹಳೆಯ ಪಾಠ ಅಲ್ಲೇ ಸ್ವಲ್ಪ ಸಡಿಲವಾಯಿತು. ಕುಂಟಿಯೂ ನನ್ನ ತಂತಿಗೆ ಕುತ್ತಿಗೆ ಚಾಚಿ ಅದನ್ನೇ ನೋಡುತ್ತಿತ್ತು.

ಮರುದಿನ ಆಯಿಷಾ ಬಂದಳು. ಮುಖಕ್ಕೆ ಮಾಸ್ಕು, ಕಾಲಿಗೆ ಪ್ಲಾಸ್ಟಿಕ್ ಚೀಲ, ಕೈಯಲ್ಲಿ ರಕ್ತ ತೆಗೆಯುವ ಸೀಸೆಗಳ ಪೆಟ್ಟಿಗೆ. ತಿಂಗಳ ಲೆಕ್ಕಕ್ಕೆ ಕಳಿಸಿದ ಪುಸ್ತಕದ ಫೋಟೊ ನೋಡಿ ಓಡಿಬಂದಿದ್ದಳು.

"ಕೊಕ್ಕರೆ ರೋಗ ಅಂದ್ರೆ ಸುಮ್ಮನೆ ಇರೋ ಹಾಗಿಲ್ಲ ಜಯಶೀಲಮ್ಮ, ಫಾರಂನಿಂದ ಫಾರಂಗೆ ಹರಡುತ್ತೆ. ಪಕ್ಕದ ಊರಿನ ಮೂರು ಫಾರಂಗೆ ಫೋನ್ ಮಾಡಿ ಹೇಳಿದೀನಿ, ಕೋಳಿ ಮಾರೋದು ನಿಲ್ಲಿಸಿದಾರೆ. ಯಾವ ಮೂಲೆಯಲ್ಲಿ ಶುರುವಾಯ್ತು?"

ಜಯಶೀಲಳ ಪಾದಗಳು ನನಗೆ ಕಾಣುತ್ತಿದ್ದವು. ನೀಲಿ ಚಪ್ಪಲಿ ಒಂದರ ಮೇಲೊಂದು ಏರಿ ನಿಂತಿತ್ತು. ನಿಂಗರಾಜು ಆಟೊ ಒರೆಸುವ ನೆಪದಲ್ಲಿ ದೂರದಿಂದಲೇ ಕಣ್ಣು ಮಾಡುತ್ತಿದ್ದ, ಸುಮ್ಮನಿರು ಎಂದು. ಅವಳು ನನ್ನ ಮೂಲೆಯನ್ನೇ ತೋರಿಸಿದಳು. ಆಯಿಷಾ ಒಳಗೆ ಬಂದು ಬಲೆಯ ಬಳಿ ಕುಕ್ಕರುಗಾಲಲ್ಲಿ ಕುಳಿತಳು. ಅವಳಿಗೂ ನನಗೂ ನಡುವೆ ಬಲೆ, ಗೋಣಿ, ಅರ್ಧ ಮೊಳ ಗಾಳಿ.

ಆಗ ನನ್ನೊಳಗೆ ಕುಂಟಿ ಎದ್ದು ನಿಂತಿತು. ಮೈಯನ್ನೊಮ್ಮೆ ಬಿಗಿಹಿಡಿಯಿತು. ಬೇಡ, ಬೇಡ ಎಂದೆ. ತಂತಿಯ ಮಾತನ್ನು ಯಾವ ಕೋಳಿ ಕೇಳುತ್ತದೆ? ಮೊಟ್ಟೆ ಬಿತ್ತು, ಇಳಿಜಾರಿನಲ್ಲಿ ಉರುಳಿ ಅಂಚಿಗೆ ಹೋಗಿ ಟಣ್ ಎಂದಿತು. ಕುಂಟಿ ಕತ್ತೆತ್ತಿ, ಮೂರು ವಾರದ ಮೌನವನ್ನೆಲ್ಲ ಸೇರಿಸಿ ಕೂಗಿತು. ಕೊಕ್ಕೊಕ್ಕೊಕ್ಕೋ. ಮತ್ತೊಮ್ಮೆ. ಮಗದೊಮ್ಮೆ.

ಆಯಿಷಾ ತಲೆ ಎತ್ತಿದಳು. "ಗೋಡೌನ್ ಹಿಂದೆ ಕೋಳಿ ಇದೆಯಾ?"

"ನಾಟಿಕೋಳಿ ಮೇಡಂ, ಪಕ್ಕದ್ಮನೇದು," ಎಂದ ನಿಂಗರಾಜು, ಅಷ್ಟು ದೂರದಿಂದಲೂ ಥಟ್ಟನೆ.

ಅಷ್ಟಕ್ಕೇ ಮುಗಿಯುತ್ತಿತ್ತು. ಆಯಿಷಾ ಮತ್ತೆ ಸೀಸೆಗೆ ಕೈ ಹಾಕಿದ್ದಳು. ನಾನು ಬದುಕಿದೆ ಎಂದುಕೊಂಡೆ. ಆದರೆ ನೀಲಿ ಚಪ್ಪಲಿಗಳು ಶೆಡ್ಡಿನಿಂದ ಹೊರಗೆ ಬಂದು, ಗೋಡೌನು ಸುತ್ತಿ, ನನ್ನ ಮುಂದೆ ನಿಂತವು. ಜಯಶೀಲ ಗೋಣಿಯನ್ನು ತೆಗೆದು ಅತ್ತ ಎಸೆದಳು. ಬಿಸಿಲು ಒಮ್ಮೆಗೇ ಮೈಮೇಲೆ ಬಿತ್ತು.

"ನಂದೇ ಕೋಳಿ ಮೇಡಂ. ನಂದೇ ಕೇಜು. ರೋಗ ಯಾವ್ದೂ ಬಂದಿಲ್ಲ. ನಾನೇ ಮೇನ್ ಸ್ವಿಚ್ ಆಫ್ ಮಾಡ್ಬುಟ್ಟೆ. ನೀವ್ ಯೋಳಿದ್ರಿ, ಕೈ ಮರ್ತ್‌ಬುಡ್ತು. ನಲವತ್ತೊಂದೂ ನನ್ ಕೈಲೇ ಸತ್ವು. ಆ ಮೂರು ಫಾರಂನೋರ್ಗೆ ಫೋನ್ ಮಾಡಿ, ಪಾಪ, ಅವ್ರು ಎದ್ರುಕೊಳ್ಳದ್ ಬ್ಯಾಡ."

ಆಯಿಷಾ ಮಾಸ್ಕು ಕೆಳಗಿಳಿಸಿದಳು. ಬಲೆಯ ಆಚೆಯಿಂದ ಈಚೆಗೆ ಬಂದು ನನ್ನನ್ನು ನೋಡಿದಳು. ಹಸಿರು ತಂತಿಯ ಗಂಟನ್ನು ಬೆರಳಲ್ಲಿ ಮುಟ್ಟಿದಳು. ಮೊದಲು ಮೂರು ಫೋನು ಮಾಡಿದಳು. ಆಮೇಲೆ, "ನಾನು ಎಲ್ಲಾನೂ ಬರೀಲೇಬೇಕು. ಕೇಜೂ, ಸುಳ್ಳೂ, ಇವತ್ತು ನೀವಾಗೇ ಹೇಳಿದ್ದೂ. ತೀರ್ಮಾನ ಕಮಿಟಿಯವರದು," ಎಂದಳು. ಫೋನನ್ನು ಚೀಲಕ್ಕೆ ಹಾಕಿ, "ಬಾಗಿಲು ತೆಗೀರಿ," ಎಂದಳು.

ಜಯಶೀಲ ನನ್ನ ಬಾಗಿಲು ತೆಗೆದಳು. ಕುಂಟಿ ಹೊರಗೆ ಬರಲಿಲ್ಲ. ಹಿಂದಿನ ಮೂಲೆಗೆ ಒತ್ತಿಕೊಂಡು ನಿಂತಿತು. ಕೈ ಹಾಕಿ ಎಳೆಯಲು ಹೋದ ಜಯಶೀಲಳನ್ನು ಆಯಿಷಾ ತಡೆದಳು. ಇಬ್ಬರೂ ಸೇರಿ ನನ್ನನ್ನು ಎತ್ತಿ, ತೆರೆದ ಬಾಗಿಲಿನ ಸಮೇತ, ಹೊಸ ಶೆಡ್ಡಿನೊಳಗೆ ಹೊಟ್ಟಿನ ಮೇಲೆ ಇಟ್ಟು ಹೋದರು.

ಆ ಸಂಜೆ ಬಲ್ಬು ಒಂದೊಂದಾಗಿ ಆರಿತು. ಎಲ್ಲವೂ ಗಳ ಏರಿದವು. ಕುಂಟಿ ಒಂದು ಕಾಲು ಹೊರಗಿಟ್ಟು ಹಿಂದಕ್ಕೆ ತೆಗೆದುಕೊಂಡಿತು. ಮತ್ತೆ ಇಟ್ಟಿತು, ಮತ್ತೆ ತೆಗೆಯಿತು. ನನ್ನ ಜೀವ ಅದರ ಆ ಬೆರಳಿಲ್ಲದ ಕಾಲಿನಲ್ಲಿ ಇತ್ತು. ಜಯಶೀಲ ಕೊನೆಯ ಬಲ್ಬಿನ ಸ್ವಿಚ್ಚಿನ ಬಳಿ ನಿಂತು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕಾದಳು. ಬಹಳ ಹೊತ್ತಿನ ಮೇಲೆ ಕುಂಟಿ ಹೊಟ್ಟಿನ ಮೇಲೆ ಇಳಿಯಿತು, ಕುಂಟುತ್ತಾ ಗಳದ ಕೆಳಗೆ ಹೋಗಿ ಮೇಲೆ ನೋಡಿತು. ಹಾರಲು ಆಗಲಿಲ್ಲ. ಚಿಕ್ಕತಾಯಮ್ಮ ಎತ್ತಿ ಕೂರಿಸಿದಳು. ಆಮೇಲೆ ದೀಪ ಆರಿತು.

ಒಂದು ತಿಂಗಳು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಟ್ರಸ್ಟಿನ ಕಾಗದ ಬಂದ ದಿನ ನಿಂಗರಾಜುವೇ ಓದಿದ. ಉಳಿದರ್ಧ ಈಗ ಸಿಗುವುದಿಲ್ಲ, ಆರು ತಿಂಗಳು ತಡೆಹಿಡಿದು ನೋಡುತ್ತಾರೆ, ಕೊಟ್ಟಿದ್ದನ್ನು ವಾಪಸ್ ಕೇಳುವುದಿಲ್ಲ. ಇನ್ನೊಂದು ಷರತ್ತು ಸೇರಿಸಿದ್ದರು. ಅನುದಾನ ಪಡೆದ ಬೇರೆ ರೈತರ ಮುಂದೆ ನಿಂತು ಆ ಮೂರನೆಯ ಸಂಜೆ ನಡೆದದ್ದನ್ನು ಜಯಶೀಲ ಹೇಳಬೇಕು. ನರಿಗಿಂತ ಅದಕ್ಕೇ ಅವಳು ಹೆಚ್ಚು ಹೆದರಿದಳು. ಹೋಗಿ ಹೇಳಿ ಬಂದಳು. ಏನು ಹೇಳಿದೆ ಎಂದು ಗಂಡ ಕೇಳಿದ.

"ನಿಮ್ ಕೈನ ನಂಬಬ್ಯಾಡಿ, ಮೇನ್ ಸ್ವಿಚ್ಚಿಗೆ ಬಟ್ಟೆ ಕಟ್ಟಿ ಅಂದೆ."

ಉಳಿದರ್ಧ ಆಮೇಲೆ ಬಂತು, ಬೇಲಿಯೂ ಎದ್ದಿತು. ಆದರೆ ಅದಕ್ಕೂ ಮೊದಲು, ಕಾಗದ ಓದಿದ ದಿನವೇ, ಜಯಶೀಲ ಪ್ಲೇಯರ್ ಹಿಡಿದು ನನ್ನ ಬಳಿ ಬಂದಿದ್ದಳು. ಕೇಜು ಇರಬಾರದು ಎಂದು ಕಾಗದದಲ್ಲಿ ಮತ್ತೊಮ್ಮೆ ಬರೆದಿತ್ತು. ಮುಗಿಯಿತು ಎಂದುಕೊಂಡೆ. ಅವಳು ಮೊದಲು ಬಾಗಿಲನ್ನು ಕತ್ತರಿಸಿದಳು, ಆಮೇಲೆ ಮುಂಭಾಗವನ್ನೇ ತೆಗೆದಳು. ಹಸಿರು ಗಂಟಿನ ಬಳಿ ಬಂದಾಗ ಕೈ ನಿಂತಿತು. ಹೊರಗೆ ಹೋಗಿ ಅರ್ಧ ಇಟ್ಟಿಗೆ ತಂದು ನನ್ನ ಮುಂದಿನ ಅಂಚಿನ ಕೆಳಗಿಟ್ಟಳು. ಇಳಿಜಾರು ಹೋಗಿ ನನ್ನ ತಳ ಮಟ್ಟವಾಯಿತು. ಹುಟ್ಟಿದಂದಿನಿಂದ ಮುಂದಕ್ಕೆ ಬಗ್ಗಿದ್ದವನು ಮೊದಲ ಸಲ ನೆಟ್ಟಗೆ ಕೂತೆ. ಒಳಗೆ ದಪ್ಪಗೆ ಹೊಟ್ಟು ಹಾಸಿದಳು. ಮುಂದಿನ ಸಲ ಬಂದಾಗ ಆಯಿಷಾ ಸುತ್ತ ತಿರುಗಿ ನೋಡಿ, ಬಾಗಿಲಿಲ್ಲ, ಮುಂಭಾಗವಿಲ್ಲ ಎಂದು ಖಚಿತ ಮಾಡಿಕೊಂಡು, ಪುಸ್ತಕದಲ್ಲಿ ಬರೆದುಕೊಂಡಳು. ಹೆಚ್ಚುವರಿ ಮೊಟ್ಟೆ ಗೂಡು, ಒಂದು.

ಈಗ 'ಹಳೇ ಕಬ್ಣಾ' ಎಂದು ಮೈಕಿನಲ್ಲಿ ಕೂಗುತ್ತಾ ಗುಜರಿ ಗಾಡಿ ಮಂಗಳವಾರ ಮಂಗಳವಾರ ನಮ್ಮ ಬೀದಿಗೆ ಬರುತ್ತದೆ. ಆ ಕೂಗು ಕೇಳಿದರೆ ನನಗೆ ಈಗಲೂ ಕೈಕಾಲು ಆಡುವುದಿಲ್ಲ. ಹದಿನಾಲ್ಕು ವರ್ಷದ ಹೆದರಿಕೆ ಒಂದು ಅರ್ಧ ಇಟ್ಟಿಗೆಯಿಂದ ಹೋಗುವಂಥದ್ದಲ್ಲ. ಇಷ್ಟು ದಿನ ಒಳಗಿನ ಕೋಳಿಗಳಿಗಾಗಿ ಹೆದರುತ್ತಿದ್ದೇನೆ ಎಂದು ನಂಬಿದ್ದೆ, ಹೆದರಿದ್ದೆಲ್ಲ ನನಗಾಗಿಯೇ ಎಂದು ಈಗ ತಿಳಿಯುತ್ತಿದೆ.

ಇವತ್ತು ಮಂಗಳವಾರ. ಬೆಳಿಗ್ಗೆ ಕುಂಟಿ ಅಂಗಳದಿಂದ ತಾನಾಗಿ ಬಂದಿತು, ನನ್ನೊಳಗೆ ಹೊಟ್ಟು ಕೆದಕಿ ಕೂತಿತು. ಬೇಕಾದರೆ ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಮೊಟ್ಟೆ ಇಟ್ಟು, ಕೂಗಿ, ಕುಂಟುತ್ತಾ ಬಿಸಿಲಿಗೆ ನಡೆಯಿತು. ನನ್ನಲ್ಲಿ ಎಷ್ಟು ಸಾವಿರ ಮೊಟ್ಟೆ ಬಿದ್ದಿವೆಯೋ ಲೆಕ್ಕವಿಲ್ಲ, ಒಂದೂ ಒಂದು ಗಳಿಗೆ ನಿಂತದ್ದಿಲ್ಲ. ಇದು ಉರುಳಲಿಲ್ಲ.

ಅಷ್ಟರಲ್ಲಿ ಗಾಡಿ ಬಂದು ನಮ್ಮ ಗೇಟಿನ ಮುಂದೆಯೇ ನಿಂತಿತು. "ಹಳೇ ಕೇಜು ಗೀಜು ಏನಾರ ಉಳ್ಕೊಂಡದಾ ಅಕ್ಕ?" ಎಂದು ಗಾಡಿಯವನು ಕೇಳಿದ. ನೀಲಿ ಚಪ್ಪಲಿಗಳು ನನ್ನ ಪಕ್ಕದಲ್ಲೇ ನಿಂತಿದ್ದವು.

"ಕೇಜಾ? ನಮ್ಮಲ್ ಯಾವ್ದೂ ಇಲ್ಲ, ಹೋಗಪ್ಪ," ಎಂದಳು ಜಯಶೀಲ.

ಗಾಡಿ ಹೋಯಿತು. ನನ್ನೊಳಗಿನ ಮೊಟ್ಟೆ ಇನ್ನೂ ಬೆಚ್ಚಗಿತ್ತು.